ಒಂದೇ ಟ್ಯಾಂಕಿನಲ್ಲಿ ಕಪ್ಪೆ, ಮೀನು

ಮನೆಯ ಫಿಶ್ ಟ್ಯಾಂಕಿನಲ್ಲಿ ಮೀನಿನ ಜೊತೆಗೆ ಕಪ್ಪೆಯನ್ನೂ ಸಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ಮೊದಲು ಕಪ್ಪೆಯ ಜಾತಿಯನ್ನು ನೋಡಿಯೇ ಹೇಳಬೇಕು. ಜಗತ್ತಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಬಗೆಯ ಕಪ್ಪೆಗಳಿವೆ. ಬೆಳೆದು ದೊಡ್ಡವಾದ ಮೇಲೂ ಹಗಲಿರುಳು ನೀರಿನಲ್ಲೇ ಇರುವಂಥವು ಅವುಗಳಲ್ಲಿ ತೀರಾ ಕಡಿಮೆ. ಸಾಕುವವರ ಕೈಗೆ ಸಿಗುವಂಥವು ಅದಕ್ಕಿಂತಲೂ ಕಡಿಮೆ: ಮಧ್ಯ ಆಫ್ರಿಕಾದ ಕುಬ್ಜ ಕಪ್ಪೆ, ಅದರ ದೊಡ್ಡ ದಾಯಾದಿಯಾದ ದಕ್ಷಿಣ ಆಫ್ರಿಕಾದ ಉಗುರುಗಪ್ಪೆ, ಅಪರೂಪಕ್ಕೊಮ್ಮೆ ದಕ್ಷಿಣ ಅಮೆರಿಕದ ಸುರಿನಾಮ್ ಕಪ್ಪೆ. ಮರಗಪ್ಪೆ, ನೆಲಗಪ್ಪೆ, ಗೋಂಕರು ಕಪ್ಪೆ ಮೊದಲಾದ ಉಳಿದವಕ್ಕೆಲ್ಲ ದಿನದ ಒಂದಲ್ಲ ಒಂದು ಹೊತ್ತಿಗೆ ಕಾಲೂರಲು ನೆಲ ಬೇಕೇ ಬೇಕು. ಅಂಚಿನ ತನಕ ನೀರು ತುಂಬಿದ ಟ್ಯಾಂಕಿಗೆ ಅವನ್ನು ಬಿಟ್ಟರೆ ಗಾಜಿನ ಗೋಡೆಗುಂಟ ಈಜಿ ಈಜಿ ಸೋತು, ಕೊನೆಗೆ ಮುಳುಗಿ ಸಾಯುತ್ತವೆ. ಕಪ್ಪೆ ನೀರಿನಲ್ಲಿ ಮುಳುಗಿ ಸಾಯುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಬೆಳೆದ ಕಪ್ಪೆ ಉಸಿರಾಡುವುದು ಮುಖ್ಯವಾಗಿ ಶ್ವಾಸಕೋಶದಿಂದ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಚರ್ಮ ಹೀರಿಕೊಳ್ಳುವುದು ನಿಜವಾದರೂ ಬಹುಪಾಲು ಜಾತಿಗಳಿಗೆ ಅದೊಂದೇ ಸಾಲದು. ಅದರಲ್ಲೂ ನೆಲಗಪ್ಪೆಯ ಬೆರಳುಗಳ ನಡುವೆ ಜಾಲಪೊರೆ ಕಡಿಮೆ, ಈಜು ಅದಕ್ಕೆ ಒಗ್ಗಿದ ಕೆಲಸವಲ್ಲ.

ಕೆರೆಯಲ್ಲಿ ಎರಡೂ ಒಟ್ಟಿಗೇ ಇಲ್ಲವೇ ಎಂಬ ವಾದ ಸಾಮಾನ್ಯ. ಇವೆ, ಆದರೆ ಆದಷ್ಟು ಒಂದನ್ನೊಂದು ತಪ್ಪಿಸಿಕೊಂಡು ಇವೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಗಂಡು ಗೋಂಕರು ಕಪ್ಪೆಗಳು ನಿಂಬೆ ಹಳದಿ ಬಣ್ಣ ತಳೆದು, ಗಂಟಲಿನ ಎರಡು ನೀಲಿ ಚೀಲಗಳನ್ನು ಉಬ್ಬಿಸಿಕೊಂಡು ಕೂಗುವುದು ಗದ್ದೆಯ ಬದುವಿನಲ್ಲಿ, ರಸ್ತೆಬದಿಯ ಗುಂಡಿಗಳಲ್ಲಿ. ಮೊಟ್ಟೆ ಇಡುವುದೂ ಅಂಥ ಕಡೆಯೇ. ಬೇಸಿಗೆಯಲ್ಲಿ ಒಣಗಿ ಹೋಗುವ ಗುಂಡಿಯಲ್ಲಿ ಮೀನು ನೆಲೆಯೂರಲಾರದು. ನೀರು ಬತ್ತುವುದರೊಳಗೆ ಗೊದಮೊಟ್ಟೆ ಕಪ್ಪೆಯಾದರೆ ಸಾಕು. ಪಶ್ಚಿಮ ಘಟ್ಟದ ಮಲಬಾರ್ ಹಾರುಗಪ್ಪೆ ಇನ್ನೊಂದು ಉಪಾಯ ಕಂಡುಕೊಂಡಿದೆ. ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆಗಳನ್ನು ಅದರೊಳಗಿಡುತ್ತದೆ. ಮರಿಗಳು ಒಂದು ಹಂತಕ್ಕೆ ಬೆಳೆದ ಮೇಲಷ್ಟೇ ಕೆಳಗಿನ ನೀರಿಗೆ ಬೀಳುತ್ತವೆ.

ಈ ಅಂತರ ಅಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಸಾಕ್ಷಿಯಿದೆ. ಅಲ್ಲಿನ ಎತ್ತರದ ಸರೋವರಗಳಲ್ಲಿ ಹುಟ್ಟಿನಿಂದ ಮೀನೇ ಇರಲಿಲ್ಲ. ಗಾಳ ಹಾಕುವವರ ಖುಷಿಗೆಂದು ಟ್ರೌಟ್ ಮೀನುಗಳನ್ನು ತಂದು ಬಿಟ್ಟ ಮೇಲೆ ಹಳದಿ ಕಾಲಿನ ಬೆಟ್ಟಗಪ್ಪೆ ಒಂದೊಂದೇ ಸರೋವರದಿಂದ ಕಾಣೆಯಾಯಿತು. ಸಂಶೋಧಕ ವಾನ್ಸ್ ವ್ರೆಡನ್‌ಬರ್ಗ್ ಕೆಲವು ಸರೋವರಗಳಿಂದ ಟ್ರೌಟ್‌ಗಳನ್ನು ಹಿಡಿದು ತೆಗೆಸಿದಾಗ ಕೆಲವೇ ವರ್ಷಗಳಲ್ಲಿ ಕಪ್ಪೆಗಳ ಸಂಖ್ಯೆ ಮತ್ತೆ ಏರಿತು. 2004ರಲ್ಲಿ ಪ್ರಕಟವಾದ ಆ ಅಧ್ಯಯನ ಮೀನು ಮತ್ತು ಕಪ್ಪೆಯ ಸಂಬಂಧದ ಬಗ್ಗೆ ಇಂದಿಗೂ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಸರೋವರದಷ್ಟು ವಿಶಾಲ ನೀರಿನಲ್ಲೇ ಹೀಗಿರುವಾಗ ಎರಡಡಿ ಉದ್ದದ ಗಾಜಿನ ಪೆಟ್ಟಿಗೆಯ ಮಾತೇನು? ಅಲ್ಲಿ ಇನ್ನೊಂದು ಗುಂಡಿಗೆ ಹೋಗುವಂತಿಲ್ಲ, ದಡ ಹತ್ತುವಂತಿಲ್ಲ, ಕೊಳೆಯಾದ ನೀರು ಹರಿದು ಹೋಗುವಂತಿಲ್ಲ. ಕಪ್ಪೆ-ಮೀನಿನ ಟ್ಯಾಂಕಿನಲ್ಲಿ ಬರುವ ತೊಂದರೆಗಳ ಬೇರು ಹೆಚ್ಚುಕಡಿಮೆ ಇಲ್ಲೇ ಇದೆ.

ಮೊದಲ ತೊಂದರೆ ಬಾಯಿಯದು. ಕಪ್ಪೆಗೆ ಜಗಿಯುವ ಹಲ್ಲಿಲ್ಲ. ಸಿಕ್ಕಿದ್ದನ್ನು ಇಡಿಯಾಗಿ ನುಂಗುವುದೇ ಅದರ ಕ್ರಮ. ಅಲುಗುವ, ಬಾಯಿಗೆ ಹಿಡಿಸುವ ಯಾವುದೂ ಅದಕ್ಕೆ ಆಹಾರವೇ. ಇದು ಜೊತೆಗಾರ, ಇದು ಊಟ ಎಂಬ ಭೇದ ಅದಕ್ಕಿಲ್ಲ. ಮೀನಿನ ಕಡೆಯಿಂದಲೂ ಲೆಕ್ಕ ಇದೇ. ಆಸ್ಕರ್‌ನಂಥ ದೊಡ್ಡ ಸಿಕ್ಲಿಡ್ ಮೀನಿಗೆ ಒಂದೂವರೆ ಅಂಗುಲದ ಕಪ್ಪೆ ಒಂದು ತುತ್ತು. ಹಾಗಾಗಿ ಅನುಭವಸ್ಥರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವುದರ ಬಾಯಿಗೆ ಯಾವುದು ಹಿಡಿಸುತ್ತದೆ?

ಈ ಪ್ರಶ್ನೆಯನ್ನು ಕೇಳದೆ ಮೋಸಹೋಗುವುದು ಹೆಚ್ಚಾಗಿ ಉಗುರುಗಪ್ಪೆಯ ವಿಷಯದಲ್ಲಿ. ಅಕ್ವೇರಿಯಂ ಅಂಗಡಿಗಳಲ್ಲಿ ಬರೀ ‘ಆಫ್ರಿಕನ್ ಫ್ರಾಗ್’ ಎಂಬ ಹೆಸರಿನಲ್ಲಿ ಮಾರುವ, ಬಿಳಿ ಮೈಯ, ಕೆಂಪು ಕಣ್ಣಿನ ಮರಿಗಳು ಸಾಮಾನ್ಯವಾಗಿ ಇದರ ಅಲ್ಬಿನೊ ತಳಿ. ವೈಜ್ಞಾನಿಕ ಹೆಸರು ಕ್ಸೆನೋಪಸ್ ಲೇವಿಸ್. ಕೊಳ್ಳುವಾಗ ಹೆಬ್ಬೆರಳ ತುದಿಯಷ್ಟಿರುವ ಮರಿ ಬೆಳೆದು, ಹೆಣ್ಣಾದರೆ ಹತ್ತು ಸೆಂಟಿಮೀಟರ್ ದಾಟುತ್ತದೆ. ಹದಿನೈದು-ಇಪ್ಪತ್ತು ವರ್ಷ ಬದುಕುವುದು ಇದಕ್ಕೆ ಹೊಸದಲ್ಲ. ಇದಕ್ಕೆ ನಾಲಿಗೆ ಇಲ್ಲ. ನೆಲದ ಕಪ್ಪೆ ಅಂಟು ನಾಲಿಗೆ ಚಾಚಿ ಹುಳ ಹಿಡಿದರೆ, ಇದು ಮುಂಗೈಗಳ ತೆಳ್ಳನೆಯ ಬೆರಳುಗಳನ್ನು ಅಗಲಿಸಿ ಸಿಕ್ಕಿದ್ದನ್ನು ಗಬಗಬನೆ ಬಾಯಿಗೆ ತಳ್ಳಿಕೊಳ್ಳುತ್ತದೆ. ತುತ್ತು ದೊಡ್ಡದಾದರೆ ಹಿಂಗಾಲನ್ನು ಮುಂದಕ್ಕೆ ತಂದು, ಮೂರು ಬೆರಳುಗಳ ಕಪ್ಪು ಉಗುರುಗಳಿಂದ ಹರಿಯುತ್ತದೆ. ಕತ್ತಲಲ್ಲೂ ಇದರ ಬೇಟೆ ತಪ್ಪುವುದು ಕಡಿಮೆ, ಏಕೆಂದರೆ ಮೈಯ ಮೇಲೆ ಹೊಲಿಗೆಯಂತೆ ಕಾಣುವ ಸಣ್ಣ ಗೆರೆಗಳ ಸಾಲು ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಮೀನುಗಳಿಗಿರುವ ಪಾರ್ಶ್ವರೇಖೆಯೇ ಅದು. ಹೆಚ್ಚಿನ ಕಪ್ಪೆಗಳಲ್ಲಿ ಗೊದಮೊಟ್ಟೆಯ ಹಂತಕ್ಕೇ ಮಾಯವಾಗುವ ಈ ಅಂಗ ಉಗುರುಗಪ್ಪೆಯಲ್ಲಿ ಕೊನೆತನಕ ಉಳಿಯುತ್ತದೆ. ರಾತ್ರಿ ಲೈಟು ಆರಿಸುವಾಗ ಹತ್ತಿದ್ದ ನಿಯಾನ್ ಟೆಟ್ರಾಗಳು ಬೆಳಗ್ಗೆ ಏಳಾಗಿದ್ದರೆ ಹುಡುಕಬೇಕಾದ ಜಾಗ ಫಿಲ್ಟರ್ ಅಲ್ಲ, ಕಪ್ಪೆಯ ಹೊಟ್ಟೆ.

ಇಂಥ ಪ್ರಾಣಿ ಜಗತ್ತಿನ ತುಂಬ ಹರಡಿದ್ದಕ್ಕೆ ಕಾರಣ ಅಲಂಕಾರದ ಮೋಹವಲ್ಲ, ವೈದ್ಯಕೀಯ. 1930ರ ಹೊತ್ತಿಗೆ ಕೇಪ್‌ಟೌನಿನಲ್ಲಿದ್ದ ಲ್ಯಾನ್ಸ್‌ಲಾಟ್ ಹಾಗ್ಬೆನ್, ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿದರೆ ಹೆಣ್ಣು ಉಗುರುಗಪ್ಪೆ ಮೊಟ್ಟೆ ಇಡುವುದನ್ನು ಗಮನಿಸಿದರು. ಅದರಿಂದ ಗರ್ಭ ಪರೀಕ್ಷೆ ರೂಪುಗೊಂಡಿತು. ಮಹಿಳೆಯ ಮೂತ್ರವನ್ನು ಕಪ್ಪೆಯ ಚರ್ಮದಡಿ ಚುಚ್ಚುವುದು. ಗರ್ಭಿಣಿಯಾಗಿದ್ದರೆ ಕಪ್ಪೆ ಒಂದೇ ರಾತ್ರಿಯೊಳಗೆ ಮೊಟ್ಟೆ ಇಡುತ್ತಿತ್ತು. 1960ರ ದಶಕದ ತನಕ ಹಲವು ದೇಶಗಳ ಪ್ರಯೋಗಾಲಯಗಳು ಇದಕ್ಕಾಗಿ ಸಾವಿರಾರು ಕಪ್ಪೆಗಳನ್ನು ತರಿಸಿಕೊಂಡವು. ಜಾನ್ ಗರ್ಡನ್ ಅವರ ತದ್ರೂಪಿ ಪ್ರಯೋಗಗಳೂ ಇದೇ ಕಪ್ಪೆಯ ಮೇಲೆ ನಡೆದು, 2012ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟವು. ಲ್ಯಾಬಿನಲ್ಲಿ ಸಾಕಲು ಸುಲಭವಾದದ್ದು ಮನೆಯಲ್ಲೂ ಸುಲಭ ಎಂಬ ನ್ಯಾಯದಿಂದ ಅದು ಸಾಕುಪ್ರಾಣಿಗಳ ಮಾರುಕಟ್ಟೆಗೂ ಬಂತು. ಸಾಕಲು ಸುಲಭ ಎಂಬುದು ನಿಜ. ಮೀನಿನ ಜೊತೆ ಸಾಕಲು ಎಂಬುದಷ್ಟೇ ಸುಳ್ಳು. ಉಗುರುಗಪ್ಪೆಗೆ ತಕ್ಕ ಜೊತೆಗಾರ ಇನ್ನೊಂದು ಅದೇ ಗಾತ್ರದ ಉಗುರುಗಪ್ಪೆ ಮಾತ್ರ. ಚಪ್ಪಟೆ ಮೈಯ ಸುರಿನಾಮ್ ಕಪ್ಪೆಗೂ ಈ ಮಾತು ಸಲ್ಲುತ್ತದೆ. ಬೆನ್ನ ಚರ್ಮದೊಳಗೆ ಮೊಟ್ಟೆ ಹುದುಗಿಸಿಕೊಂಡು ಮರಿ ಮಾಡುವ ಅದರ ಚೋದ್ಯ ನೋಡಲೆಂದೇ ಸಾಕುವವರುಂಟು, ಆದರೆ ಎದುರಿಗೆ ಬಂದ ಮೀನನ್ನು ಅದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ.

ಮೀನಿನ ಜೊತೆ ಸಾಕಬಹುದು ಎಂದು ಸ್ವಲ್ಪ ಧೈರ್ಯದಿಂದ ಹೇಳಬಹುದಾದ್ದು ಕುಬ್ಜ ಕಪ್ಪೆಯ ಬಗ್ಗೆ ಮಾತ್ರ. ಹೈಮೆನೊಕೈರಸ್ ಕುಲದ ಇದರ ತವರು ಕಾಂಗೋ ನದಿಯ ಸುತ್ತಲ ಕಾಡಿನ ನಿಂತ ನೀರು. ಪೂರ್ತಿ ಬೆಳೆದರೂ ಮೂರೂವರೆ-ನಾಲ್ಕು ಸೆಂಟಿಮೀಟರ್ ಮೀರದು, ಆಯಸ್ಸು ಸುಮಾರು ಐದು ವರ್ಷ. ಅಂಗಡಿಯಲ್ಲಿ ಇದರ ಮರಿಗಳೂ ಉಗುರುಗಪ್ಪೆಯ ಮರಿಗಳೂ ಒಂದೇ ಗಾತ್ರದಲ್ಲಿರುವುದರಿಂದ ಗುರುತು ಹಿಡಿಯಲು ಮುಂಗೈ ನೋಡಬೇಕು. ಕುಬ್ಜ ಕಪ್ಪೆಯ ನಾಲ್ಕೂ ಪಾದಗಳಲ್ಲಿ ಜಾಲಪೊರೆ ಇರುತ್ತದೆ. ಉಗುರುಗಪ್ಪೆಯ ಮುಂಗೈ ಬೆರಳುಗಳು ಪೊರೆಯಿಲ್ಲದೆ ಬಿಡಿಬಿಡಿಯಾಗಿರುತ್ತವೆ. ಕಣ್ಣುಗಳ ಜಾಗವೂ ಬೇರೆ: ಕುಬ್ಜ ಕಪ್ಪೆಯವು ತಲೆಯ ಪಕ್ಕಕ್ಕೆ, ಉಗುರುಗಪ್ಪೆಯವು ಮೇಲ್ಗಡೆಗೆ. ಪೂರ್ತಿ ಬಿಳಿಯಾಗಿದ್ದರೆ ಅನುಮಾನವೇ ಬೇಡ, ಕೊಳ್ಳದಿರುವುದು ಕ್ಷೇಮ.

ಕುಬ್ಜ ಕಪ್ಪೆ ಊಟ ಮಾಡುವುದನ್ನು ಒಮ್ಮೆ ತಾಳ್ಮೆಯಿಂದ ನೋಡಿದರೆ ಅದಕ್ಕೆ ಎಂಥ ಜೊತೆಗಾರರು ಬೇಕೆಂಬುದು ತಾನಾಗಿ ತಿಳಿಯುತ್ತದೆ. ತಳದಲ್ಲಿ ಕೈಕಾಲು ಚೆಲ್ಲಿ ಕುಳಿತ ಕಪ್ಪೆಯ ಮುಂದೆ ಒಂದು ಬ್ಲಡ್‌ವರ್ಮ್ ಬೀಳುತ್ತದೆ. ಕಪ್ಪೆ ಅಲುಗುವುದಿಲ್ಲ. ವಾಸನೆ ತಾಕಿದ ಮೇಲೆ ಮೂತಿಯನ್ನು ಅತ್ತ ತಿರುಗಿಸಿ, ಒಂದು ಹೆಜ್ಜೆ ಇಟ್ಟು ಮತ್ತೆ ಕಲ್ಲಿನಂತೆ ನಿಲ್ಲುತ್ತದೆ. ಅರ್ಧ ನಿಮಿಷ ಕಳೆದು ಫಕ್ಕನೆ ಬಾಯಿ ತೆರೆದು ಎರಗಿದರೆ ಗುರಿ ತಪ್ಪಿ ಪಕ್ಕದ ಗಿಡದ ಎಲೆ ಬಾಯಿಗೆ ಸಿಗುತ್ತದೆ. ಅದನ್ನು ಉಗುಳಿ ಇನ್ನೊಮ್ಮೆ ಸಜ್ಜಾಗುವಷ್ಟರಲ್ಲಿ ಮೇಲಿಂದ ಇಳಿದು ಬಂದ ಗಪ್ಪಿ ಹುಳವನ್ನು ಎತ್ತಿಕೊಂಡು ಹೋಗಿರುತ್ತದೆ. ಈ ಕಪ್ಪೆಗಳಿಗೆ ದೃಷ್ಟಿ ಮಂದ. ಸಮುದಾಯ ಟ್ಯಾಂಕುಗಳಲ್ಲಿ ಇವು ಸಾಯುವುದು ಮೀನಿನ ಬಾಯಿಗೆ ಬಿದ್ದು ಮಾತ್ರವಲ್ಲ, ದಿನಾ ಊಟ ಬೀಳುವ ನೀರಿನಲ್ಲೇ ವಾರಗಟ್ಟಲೆ ಹೊಟ್ಟೆಗಿಲ್ಲದೆ. ತೇಲುವ ಕಾಳು, ಫ್ಲೇಕ್‌ಗಳನ್ನು ಮೀನು ಮುಗಿಸುತ್ತದೆ. ಮಾಲೀಕರು ಎಲ್ಲರಿಗೂ ಊಟವಾಯಿತೆಂದುಕೊಳ್ಳುತ್ತಾರೆ. ಕಪ್ಪೆಯ ಸೊಂಟದ ಮೂಳೆ ಎದ್ದು ಕಂಡಾಗ ತಡವಾಗಿರುತ್ತದೆ.

ಉಪಾಯ ಕಷ್ಟದ್ದಲ್ಲ. ತಳದಲ್ಲಿ ಒಂದು ಸಣ್ಣ ಮಣ್ಣಿನ ತಟ್ಟೆ ಇಟ್ಟು, ಮೀನುಗಳಿಗೆ ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಮೊದಲು ಊಟ ಹಾಕಿ, ಅವು ಅಲ್ಲಿ ಮುಗಿಬಿದ್ದಿರುವಾಗ ಕಪ್ಪೆಯ ತಟ್ಟೆಗೆ ಉದ್ದ ಚಿಮಟದಿಂದಲೋ ಪಿಪೆಟ್ಟಿನಿಂದಲೋ ಹುಳ ಬಿಡಬೇಕು. ತಟ್ಟೆಯ ಜಾಗ ಬದಲಿಸಬಾರದು. ಕೆಲವು ದಿನಗಳಲ್ಲಿ ಕಪ್ಪೆಗಳು ಹೊತ್ತಿಗೆ ಸರಿಯಾಗಿ ತಟ್ಟೆಯ ಬಳಿ ಬಂದು ಕೂರುವುದನ್ನು ಕಲಿಯುತ್ತವೆ. ಫ್ರೀಜ್ ಮಾಡಿದ ಬ್ಲಡ್‌ವರ್ಮ್, ಆರ್ಟೀಮಿಯಾ, ಡ್ಯಾಫ್ನಿಯಾಗಳನ್ನು ಕರಗಿಸಿ ಕೊಡಬಹುದು. ಚರಂಡಿ ನೀರಿನಿಂದ ಹಿಡಿದು ತಂದ ಜೀವಂತ ಟ್ಯೂಬಿಫೆಕ್ಸ್ ಅಗ್ಗವಾಗಿ ಸಿಗುತ್ತದೆ, ಆದರೆ ರೋಗವನ್ನೂ ಜೊತೆಗೆ ತರುತ್ತದೆ. ಬೆಳೆದ ಕಪ್ಪೆಗೆ ದಿನ ಬಿಟ್ಟು ದಿನ ಊಟ ಸಾಕು.

ಜೊತೆಗಾರ ಮೀನುಗಳನ್ನು ಆರಿಸುವಾಗ ಈ ನಿಧಾನವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ನಿಯಾನ್ ಅಥವಾ ಎಂಬರ್ ಟೆಟ್ರಾ, ಗಪ್ಪಿ, ಸಣ್ಣ ರಾಸ್ಬೋರಾಗಳು ನಡುನೀರು, ಮೇಲ್ನೀರಿನಲ್ಲಿ ಓಡಾಡಿಕೊಂಡಿರುವ, ಯಾರ ತಂಟೆಗೂ ಹೋಗದ ಮೀನುಗಳು. ಇವುಗಳ ಮರಿಗಳನ್ನು ಮಾತ್ರ ಕಪ್ಪೆ ಬಿಡುವುದಿಲ್ಲ. ಗಪ್ಪಿ ಸಾಕುವವರಿಗೆ ಅದು ಒಂದು ಲೆಕ್ಕದಲ್ಲಿ ಉಪಕಾರವೇ. ಟೈಗರ್ ಬಾರ್ಬ್ ಕಪ್ಪೆಯ ಕಾಲ್ಬೆರಳು ಕಚ್ಚುತ್ತದೆ. ಏಂಜಲ್ ಮೀನು, ದೊಡ್ಡ ಗೌರಾಮಿ, ಪಫರ್ ಬೇಡವೇ ಬೇಡ. ಗೋಲ್ಡ್‌ಫಿಶ್ ಬಡಪಾಯಿಯಂತೆ ಕಂಡರೂ ತಳವನ್ನೆಲ್ಲ ಬಾಯಿಂದ ಹೀರಿ ಹುಡುಕುವ ಮೀನು. ಸಣ್ಣ ಕಪ್ಪೆಯೂ ಆ ಹೀರುವಿಕೆಗೆ ಸಿಕ್ಕಬಹುದು. ಅದೂ ಅಲ್ಲದೆ ಅದಕ್ಕೆ ಬೇಕಾದ ತಂಪು ನೀರು ಕುಬ್ಜ ಕಪ್ಪೆಗೆ ಹಿಡಿಸದು. ಬೆಟ್ಟಾ ಮೀನಿನ ಜೊತೆ ಕೆಲವರಿಗೆ ಒಗ್ಗಿದೆ, ಕೆಲವರಿಗೆ ಇಲ್ಲ. ಅದು ಆ ಒಂದು ಮೀನಿನ ಸ್ವಭಾವವನ್ನು ಅವಲಂಬಿಸಿದ್ದು. ಗಾಳಿಗಾಗಿ ಮೇಲೆ ಬರುವ ಕಪ್ಪೆಗೂ ಮೇಲ್ನೀರು ತನ್ನದೆಂದು ಕಾಯುವ ಬೆಟ್ಟಾಕ್ಕೂ ಘರ್ಷಣೆಯಾಗುತ್ತದೆ, ಮಂದದೃಷ್ಟಿಯ ಕಪ್ಪೆ ಬೆಟ್ಟಾದ ಜೋಲು ರೆಕ್ಕೆಯನ್ನು ಹುಳವೆಂದು ಕಚ್ಚುವುದೂ ಉಂಟು. ಕೋರಿಡೋರಸ್ ಎಂಬ ಪುಟ್ಟ ಕ್ಯಾಟ್‌ಫಿಶ್ ಸಾಧು, ಆದರೆ ಕಪ್ಪೆಯ ಹಾಗೆಯೇ ತಳದಲ್ಲಿ ತಿನ್ನುವುದರಿಂದ ಊಟಕ್ಕೆ ಪೈಪೋಟಿ. ಅದರ ರೆಕ್ಕೆಗಳ ಮುಳ್ಳು ಬಿಚ್ಚಿದರೆ ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ. ದೊಡ್ಡ ಕಪ್ಪೆಯೊಂದು ಅದನ್ನು ನುಂಗಲು ಹೋದರೆ ಎರಡಕ್ಕೂ ಸಾವೇ.

ಎರಡನೆಯ ತೊಂದರೆ ಚರ್ಮದ್ದು. ಕಪ್ಪೆಯ ಚರ್ಮ ಹೊದಿಕೆ ಮಾತ್ರವಲ್ಲ, ನೀರು, ಲವಣ, ಅನಿಲಗಳು ಹೋಗಿ ಬರುವ ದ್ವಾರ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಆ ಚರ್ಮದ ತುಂಬ ರಸ ಸುರಿಸುವ ಗ್ರಂಥಿಗಳಿವೆ. ಉಗುರುಗಪ್ಪೆಗಳಿಗೆ ಶಸ್ತ್ರಕ್ರಿಯೆ ಮಾಡಿ ಕೊಳಕು ನೀರಿಗೇ ಮರಳಿ ಬಿಟ್ಟರೂ ಗಾಯ ಕೀವಾಗದಿರುವುದನ್ನು ಕಂಡ ಅಮೆರಿಕದ ಮೈಕೆಲ್ ಝಾಸ್ಲಾಫ್, 1987ರಲ್ಲಿ ಅವುಗಳ ಚರ್ಮದಿಂದ ಮ್ಯಾಗೈನಿನ್ ಎಂಬ ಸೂಕ್ಷ್ಮಾಣುನಾಶಕಗಳನ್ನು ಬೇರ್ಪಡಿಸಿದರು. ಒಂದಕ್ಕೆ ಔಷಧವಾದ ಚರ್ಮರಸ ಪಕ್ಕದಲ್ಲಿರುವ ಇನ್ನೊಂದಕ್ಕೆ ವಿಷವಾಗುವುದು ನೆಲಗಪ್ಪೆಗಳ ವಿಷಯದಲ್ಲಿ. ಅವುಗಳ ಕಣ್ಣಿನ ಹಿಂದೆ ಉಬ್ಬಿ ನಿಂತ ಗ್ರಂಥಿಗಳು ಹೃದಯದ ಬಡಿತವನ್ನು ಕೆಡಿಸುವ ಹಾಲಿನಂಥ ದ್ರವ ಸುರಿಸುತ್ತವೆ. ನಮ್ಮ ಮನೆಯಂಗಳಗಳಲ್ಲಿ ಮಳೆಗಾಲದ ಸಂಜೆ ಗೆದ್ದಲು ತಿನ್ನುತ್ತ ಕೂರುವ ಸಾಮಾನ್ಯ ನೆಲಗಪ್ಪೆಯಲ್ಲೂ ಇದು ಇದೆ. ಕಚ್ಚಿದ ನಾಯಿ ಬಾಯಲ್ಲಿ ನೊರೆ ಸುರಿಸುವುದು ಇದರಿಂದಲೇ. ಬಯಲಲ್ಲಿ ಮಳೆಯೊಂದು ಬಂದರೆ ತೊಳೆದು ಹೋಗುವ ವಿಷ, ನಲವತ್ತು ಲೀಟರ್ ನೀರಿನಲ್ಲಿ ಉಳಿದುಕೊಳ್ಳುತ್ತದೆ.

ವಿದೇಶಗಳಲ್ಲಿ ಹೆಚ್ಚು ಮಾರಾಟವಾಗುವ ಬೆಂಕಿಹೊಟ್ಟೆಯ ಕಪ್ಪೆಯ ಕಥೆಯೂ ಇಂಥದೇ. ಕೊರಿಯಾ, ಈಶಾನ್ಯ ಚೀನಾದ ಈ ಹಸಿರು ಬೆನ್ನಿನ ಜೀವಿ ಅರ್ಧ ಹೊತ್ತು ನೀರಿನಲ್ಲೇ ತೇಲಿಕೊಂಡಿರುವುದರಿಂದ ಮೀನಿನ ಟ್ಯಾಂಕಿಗೆ ಹೇಳಿ ಮಾಡಿಸಿದ್ದೆಂಬ ಭ್ರಮೆ ಹುಟ್ಟಿಸುತ್ತದೆ. ಬೆದರಿದಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಕೆಂಪು ಹೊಟ್ಟೆ ಮತ್ತು ಅಂಗಾಲುಗಳನ್ನು ತೋರಿಸುವುದು ಅದರ ಎಚ್ಚರಿಕೆ. ಎಚ್ಚರಿಕೆ ಹುಸಿಯಲ್ಲ, ಅದರ ಚರ್ಮರಸ ನಿಜಕ್ಕೂ ವಿಷ. ಇದರ ಯುರೋಪಿನ ಸೋದರ ಜಾತಿಯ ಚರ್ಮದಿಂದ ಬೇರ್ಪಡಿಸಿದ ಬಾಂಬೆಸಿನ್ ಎಂಬ ಪೆಪ್ಟೈಡ್ ಔಷಧಶಾಸ್ತ್ರದಲ್ಲಿ ಹೆಸರಾಗಿದೆ. ಇವನ್ನು ಇವುಗಳ ಪಾಡಿಗೆ ಬೇರೆ ಇಡುವುದೇ ಸರಿ.

ಮೀನಿಗೆ ಕೊಡುವ ಮದ್ದು ಕಪ್ಪೆಗೆ ಆಗದು ಎಂಬುದೂ ಚರ್ಮದ ಕಾರಣಕ್ಕೇ. ಬಿಳಿ ಚುಕ್ಕೆ ರೋಗ ಬಂದರೆ ಮೀನು ಸಾಕುವವರು ಮಾಡುವುದು ಮೂರು ಕೆಲಸ: ನೀರಿಗೆ ಉಪ್ಪು ಹಾಕುವುದು, ಹೀಟರ್ ಏರಿಸುವುದು, ಮ್ಯಾಲಕೈಟ್ ಗ್ರೀನ್ ಅಥವಾ ತಾಮ್ರದ ಔಷಧ ಬಿಡುವುದು. ಮೂರೂ ಕಪ್ಪೆಗೆ ಕೇಡು. ರೋಗ ಬಂದ ಮೀನನ್ನು ಬೇರೆ ಟ್ಯಾಂಕಿಗೆ ಎತ್ತಿ ಮದ್ದು ಮಾಡುವ ಅನುಕೂಲವಿಲ್ಲದವರು ಇವೆರಡನ್ನು ಒಟ್ಟಿಗೆ ಸಾಕಬಾರದು. ಬೇರೆ ಷರತ್ತುಗಳಲ್ಲಿ ಅಷ್ಟಿಷ್ಟು ಸಡಿಲ ಬಿಡಬಹುದು, ಇದರಲ್ಲಿ ಇಲ್ಲ.

ನೀರಿನ ವಿಷಯದಲ್ಲಿ ಕಪ್ಪೆಗೂ ಮೀನಿಗೂ ಬೇಕಾದ್ದು ಬಹುಮಟ್ಟಿಗೆ ಒಂದೇ. ಮಲಮೂತ್ರ, ತಿಂದುಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕಾರು ವಾರ ಬೇಕು. ಅಲ್ಲಿಯ ತನಕ ಕಪ್ಪೆಯನ್ನು ತರಬಾರದು. ಅಮೋನಿಯಾದ ವಿಷ ನೀರಿನ ಪಿಎಚ್ ಹಾಗೂ ಉಷ್ಣತೆ ಏರಿದಷ್ಟೂ ಏರುತ್ತದೆ. ಗಡಸು ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಸಾಮಾನ್ಯವಾಗಿ ಪಿಎಚ್ ಕೂಡ ಏಳನ್ನು ದಾಟಿರುವುದರಿಂದ ಬೇಸಿಗೆಯಲ್ಲಿ ಇದನ್ನು ನೆನಪಿಡಬೇಕು. ಕಾರ್ಪೊರೇಷನ್ ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದು ಆರಿ ಹೋಗುತ್ತದೆ, ಅವಸರವಿದ್ದರೆ ಅಂಗಡಿಯ ಆ್ಯಂಟಿ-ಕ್ಲೋರಿನ್ ಹನಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವ ರೂಢಿ ಸಾಕು.

ಉಷ್ಣತೆಯಲ್ಲೂ ಕುಬ್ಜ ಕಪ್ಪೆಯೇ ಹೊಂದಿಕೊಳ್ಳುವಂಥದು. ಟೆಟ್ರಾ, ಗಪ್ಪಿಗಳಿಗೆ ಒಗ್ಗುವ 24ರಿಂದ 26 ಡಿಗ್ರಿ ಸೆಲ್ಸಿಯಸ್ ಅದಕ್ಕೂ ಸರಿ. ಉಗುರುಗಪ್ಪೆಗೆ 20ರ ಆಸುಪಾಸಿನ ತಂಪು ಬೇಕು. ಮಂಗಳೂರು, ರಾಯಚೂರುಗಳ ಏಪ್ರಿಲ್ ಸೆಕೆಯಲ್ಲಿ ಅದು ಮೇವು ಬಿಟ್ಟು ಸೊರಗುತ್ತದೆ.

ಟ್ಯಾಂಕಿನ ಆಕಾರಕ್ಕೆ ಬಂದರೆ, ಎತ್ತರಕ್ಕಿಂತ ಅಗಲ ಮುಖ್ಯ. ಕುಬ್ಜ ಕಪ್ಪೆ ಪ್ರತಿ ಉಸಿರಿಗೂ ತಳದಿಂದ ಮೇಲಕ್ಕೆ ಈಜಿ ಬರಬೇಕು. ನೀರು ಒಂದಡಿಗಿಂತ ಆಳವಿದ್ದರೆ ಅದಕ್ಕೆ ಅದೊಂದು ದಂಡನೆ. ಎರಡು-ಮೂರು ಕಪ್ಪೆ, ಏಳೆಂಟು ಸಣ್ಣ ಮೀನುಗಳಿಗೆ ನಲವತ್ತು ಲೀಟರ್ ಕನಿಷ್ಠ. ರಭಸದ ಪವರ್ ಫಿಲ್ಟರ್ ಕಪ್ಪೆಯನ್ನು ತಳ್ಳಾಡಿಸುತ್ತದೆ, ಅದರ ಹೀರುಕೊಳವೆಗೆ ಕಾಲು ಸಿಕ್ಕಿಕೊಳ್ಳುವುದೂ ಇದೆ. ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಅಗ್ಗ, ಅದೇ ಒಳ್ಳೆಯದು ಕೂಡ. ಬಣ್ಣದ ಸಣ್ಣ ಜಲ್ಲಿಯನ್ನು ಕಪ್ಪೆ ಹುಳದೊಂದಿಗೆ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ, ಆದ್ದರಿಂದ ತಳಕ್ಕೆ ನಯವಾದ ಮರಳು ಅಥವಾ ಕಪ್ಪೆಯ ತಲೆಗಿಂತ ದೊಡ್ಡ ಉರುಟು ಕಲ್ಲು. ಅಡಗಲು ಒಡೆದ ಹೂಕುಂಡದ ಚೂರು, ಮೇಲ್ನೀರಿನ ಹತ್ತಿರ ಕುಳಿತು ಉಸಿರೆಳೆಯಲು ಅಗಲ ಎಲೆಯ ಗಿಡ. ಮುಚ್ಚಳ ಬಿಗಿಯಾಗಿರಬೇಕು, ಗಾಳಿಯೂ ಆಡುತ್ತಿರಬೇಕು. ಮುಚ್ಚಳದ ಪೈಪು ಹೋಗುವ ರಂಧ್ರದಿಂದ ಹಾರಿದ ಕಪ್ಪೆ ಸೋಫಾದಡಿಯಲ್ಲಿ ಒಣಗಿ ಸಿಗುವುದು ಈ ಹವ್ಯಾಸದಲ್ಲಿ ಪದೇ ಪದೇ ಕೇಳುವ ದುರಂತ.

ನೆಲ ಬೇಕಾದ ಕಪ್ಪೆಯನ್ನೂ ಮೀನನ್ನೂ ಒಂದೇ ಗಾಜಿನೊಳಗೆ ನೋಡಬೇಕೆಂಬ ಹಟವಿದ್ದವರಿಗೆ ಪಲುಡೇರಿಯಂ ಎಂಬ ಏರ್ಪಾಡಿದೆ: ಅರ್ಧ ನೆಲ, ಅರ್ಧ ನೀರು, ನಡುವೆ ಇಳಿಜಾರು. ಚಿತ್ರಗಳಲ್ಲಿ ಅದು ಪುಟ್ಟ ಮಲೆನಾಡಿನಂತೆ ಕಾಣುತ್ತದೆ. ವಾಸ್ತವದಲ್ಲಿ, ಅಷ್ಟು ದೊಡ್ಡ ಪೆಟ್ಟಿಗೆ ಕಟ್ಟಿಸಿದರೂ ನೀರಿನ ಪಾಲಿಗೆ ಸಿಗುವುದು ಮೀನಿಗೆ ಸಾಲದಷ್ಟು. ನೆಲದ ಮಣ್ಣು, ಕಪ್ಪೆಯ ಹೇಲು ಎರಡೂ ಕೊನೆಗೆ ಆ ನೀರಿಗೇ ಇಳಿಯುತ್ತವೆ. ದೊಡ್ಡ ಸಂಗ್ರಹಾಲಯಗಳು ನಿಭಾಯಿಸುವ ಇದನ್ನು ಮನೆಯಲ್ಲಿ ಮಾಡಹೊರಟವರಲ್ಲಿ ಗೆದ್ದವರು ಕಡಿಮೆ.

ಮಳೆಗಾಲದಲ್ಲಿ ಮಕ್ಕಳು ಬಾಟಲಿಯಲ್ಲಿ ಹಿಡಿದು ತರುವ ಗೊದಮೊಟ್ಟೆಗಳನ್ನು ಮೀನಿನ ಟ್ಯಾಂಕಿಗೆ ಸುರಿಯುವುದು ಇನ್ನೊಂದು ಸಾಮಾನ್ಯ ಅಭ್ಯಾಸ. ಹೆಚ್ಚಿನ ಮೀನುಗಳಿಗೆ ಅವು ಮೃಷ್ಟಾನ್ನ. ತಿನ್ನಲಾರದಷ್ಟು ಸಣ್ಣ ಮೀನೂ ಬಾಲ ಕಚ್ಚುತ್ತದೆ. ಸೊಳ್ಳೆ ನಿಯಂತ್ರಣಕ್ಕೆಂದು ಕೆರೆ-ಬಾವಿಗಳಿಗೆ ಬಿಟ್ಟ ಗ್ಯಾಂಬೂಸಿಯಾ ಮೀನು ಇದಕ್ಕೇ ಕುಖ್ಯಾತ. ನೆಲಗಪ್ಪೆಯ ಕರಿ ಮರಿಗಳು ಮಾತ್ರ ರುಚಿಗೆಟ್ಟವಾದ್ದರಿಂದ ಒಮ್ಮೆ ಬಾಯಿಗೆ ಹಾಕಿಕೊಂಡ ಮೀನು ಉಗುಳಿಬಿಡುತ್ತದೆ. ಬದುಕುಳಿದ ಮರಿಗೂ ಮುಂದೆ ಗಂಡಾಂತರವಿದೆ. ಥೈರಾಯ್ಡ್ ಹಾರ್ಮೋನ್ ಏರಿದಂತೆ ಹಿಂಗಾಲು, ಆಮೇಲೆ ಮುಂಗಾಲು ಮೂಡುತ್ತವೆ. 1912ರಲ್ಲಿ ಗುಡರ್‌ನಾಚ್ ಎಂಬ ವಿಜ್ಞಾನಿ ಥೈರಾಯ್ಡ್ ಗ್ರಂಥಿಯ ಚೂರು ತಿನ್ನಿಸಿಯೇ ಗೊದಮೊಟ್ಟೆಗಳನ್ನು ಹೊತ್ತಿಗೆ ಮುಂಚೆ ಕಪ್ಪೆಯಾಗಿಸಿ ತೋರಿಸಿದ್ದರು. ಮುಂಗಾಲು ಹೊರಬಂದ ಮೇಲೆ ಕಿವಿರು ಕರಗುತ್ತದೆ, ಬಾಯಿ, ಕರುಳು ಹೊಸದಾಗಿ ರೂಪುಗೊಳ್ಳುವಾಗ ಮರಿ ಊಟ ಬಿಟ್ಟು ಬಾಲದ ಸತ್ವದಲ್ಲೇ ದಿನ ದೂಡುತ್ತದೆ. ಆಗ ಹತ್ತಿ ಕೂರಲು ಒಂದು ಓರೆ ಕಲ್ಲಿಲ್ಲದಿದ್ದರೆ ಮುಳುಗುತ್ತದೆ. ಗೊದಮೊಟ್ಟೆ ಬೆಳೆಯುವುದನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಗುಂಡಿಯ ದಡದಲ್ಲೇ ತೋರಿಸುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಕಪ್ಪೆಗಳೂ ಬರುತ್ತವೆ. ಕಪ್ಪೆ ಕಾಲಿನ ರಫ್ತು ದೇಶದ ಗದ್ದೆಗಳನ್ನು ಬರಿದು ಮಾಡತೊಡಗಿದಾಗ 1987ರಲ್ಲಿ ಸರ್ಕಾರ ಅದನ್ನೂ ನಿಲ್ಲಿಸಿತು.

ರೋಗಗಳಲ್ಲಿ ಹೆಸರಿಸಲೇಬೇಕಾದವು ಮೂರು. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ತಗುಲಿ ಲವಣಗಳ ಸಮತೋಲ ಕೆಡಿಸಿ ಹೃದಯ ನಿಲ್ಲಿಸುತ್ತದೆ. ಅದು 500ಕ್ಕೂ ಹೆಚ್ಚು ಉಭಯವಾಸಿ ಜಾತಿಗಳನ್ನು ಕುಗ್ಗಿಸಿದೆ, 90ನ್ನು ಅಳಿಸಿದೆ ಎಂದು 2019ರ ಜಾಗತಿಕ ಅಂದಾಜು ಹೇಳಿತು. ಉಗುರುಗಪ್ಪೆ ರೋಗದ ಲಕ್ಷಣ ತೋರದೆಯೇ ಇದನ್ನು ಹೊತ್ತು ತಿರುಗಬಲ್ಲದು. ಸಾಕಿದ ಕುಬ್ಜ ಕಪ್ಪೆಗಳಾದರೋ ಇದರಿಂದ ಗುಂಪುಗುಂಪಾಗಿ ಸಾಯುತ್ತವೆ. ರಾನಾವೈರಸ್ ಗುಂಪಿನ ಕೆಲವು ವೈರಸ್‌ಗಳು ಮೀನು, ಕಪ್ಪೆ ಎರಡಕ್ಕೂ ತಗಲುವುದರಿಂದ ಮಿಶ್ರ ಟ್ಯಾಂಕಿಗೆ ವಿಶೇಷ ಅಪಾಯ. ಹೊಸದಾಗಿ ತಂದ ಯಾವುದನ್ನೂ ಒಂದು ತಿಂಗಳು ಬೇರೆ ಇಟ್ಟು ನೋಡದೆ ಹಳಬರ ಜೊತೆ ಬಿಡಬಾರದು. ಮೂರನೆಯದು ಮನುಷ್ಯರಿಗೆ ಬರುವ ಸಾಲ್ಮೊನೆಲ್ಲಾ. ಅಮೆರಿಕದಲ್ಲಿ 2008ರಿಂದ 2011ರ ನಡುವೆ 44 ರಾಜ್ಯಗಳ 370ಕ್ಕೂ ಹೆಚ್ಚು ಮಂದಿಗೆ ತಗುಲಿದ ಸೋಂಕಿನ ಜಾಡು ಹಿಡಿದು ಹೋದಾಗ ಅದು ಕುಬ್ಜ ಕಪ್ಪೆಗಳನ್ನು ಬೆಳೆಸಿ ಮಾರುತ್ತಿದ್ದ ಕ್ಯಾಲಿಫೋರ್ನಿಯಾದ ಒಂದು ಸಾಕಣೆ ಕೇಂದ್ರಕ್ಕೆ ಮುಟ್ಟಿತು. ಹೆಚ್ಚಾಗಿ ಬಳಲಿದವರು ಚಿಕ್ಕ ಮಕ್ಕಳು. ಕಪ್ಪೆಯನ್ನು ಮುಟ್ಟದಿದ್ದರೂ ಟ್ಯಾಂಕಿನ ನೀರು ತಾಕಿದರೆ ಸಾಕು. ಟ್ಯಾಂಕಿನ ಬಲೆ, ಜಲ್ಲಿಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು, ಕೈಯನ್ನು ಸೋಪು ಹಾಕಿ ತೊಳೆಯಬೇಕು.

ಸಾಕಿ ಬೇಸರವಾದವರು ಕಪ್ಪೆಯನ್ನು ಕೆರೆಗೆ ಬಿಡುವುದು ದಯೆ ಎಂದುಕೊಳ್ಳುತ್ತಾರೆ. ಲ್ಯಾಬುಗಳಿಂದಲೂ ಮನೆಗಳಿಂದಲೂ ಹೊರಬಿದ್ದ ಉಗುರುಗಪ್ಪೆ ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸ್, ಸಿಸಿಲಿಗಳ ನೀರಿನಲ್ಲಿ ಇಂದು ನೆಲೆಯೂರಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅದನ್ನು ಸಾಕುವುದೇ ನಿಷಿದ್ಧ. ನಮ್ಮ ಗದ್ದೆಯ ಗೋಂಕರು ಕಪ್ಪೆಯೇ ಅಂಡಮಾನ್ ದ್ವೀಪಗಳಲ್ಲಿ ಪರಕೀಯ ಹಾವಳಿಯಾಗಿದೆ. ಮುಖ್ಯಭೂಮಿಯಿಂದ ಸಾಗಿಸಿದ ಸಾಕಣೆ ಮೀನುಮರಿಗಳ ಜೊತೆ ಗೊದಮೊಟ್ಟೆಯಾಗಿ ಬೆರೆತು ಹೋಗಿರಬೇಕೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಅಲ್ಲಿ ಅದು ಸ್ಥಳೀಯ ಕಪ್ಪೆಗಳ ಮರಿಗಳನ್ನೂ ಮನೆಯಂಗಳದ ಕೋಳಿಮರಿಗಳನ್ನೂ ನುಂಗುತ್ತದೆ. ಬೇಡವಾದ ಕಪ್ಪೆಯನ್ನು ಕೊಂಡ ಅಂಗಡಿಗೋ ಇನ್ನೊಬ್ಬ ಸಾಕುವವರಿಗೋ ಒಪ್ಪಿಸಬೇಕು. ಟ್ಯಾಂಕ್ ಖಾಲಿ ಮಾಡುವಾಗ ಆ ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಒಂದು ದಿನ ಬಿಟ್ಟು, ಮಳೆನೀರ ಕಾಲುವೆಗಲ್ಲದೆ ಶೌಚಾಲಯದ ಒಳಚರಂಡಿಗೆ ಸುರಿಯಬೇಕು. ಕೈಟ್ರಿಡ್ ಶಿಲೀಂಧ್ರ ಒಣಗಿದರೆ ಉಳಿಯದು, ಆದ್ದರಿಂದ ಬಲೆ, ಪೈಪು, ಕಲ್ಲುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿಯೇ ಮುಂದಿನ ಟ್ಯಾಂಕಿಗೆ ಬಳಸಬೇಕು.